‘ಲಾಗುವುದು’ ಅಂದ್ರೆ ಯಾರು?

ಸೋಮವಾರ, ಶಾಲೆ ಬಿಟ್ಟ ಮೇಲೆ
ನಾಲ್ಕನೇ ತರಗತಿಯ ಕೋಣೆ

ಪ್ರೀತಿಯ ಚೂಟಿ,

ಕುಶಲ ಆಮೇಲೆ. ಮೊದಲು ಕೊಟ್ಟದ್ದೇನು, ಕೊಡದೆ ಉಳಿಸಿಕೊಂಡದ್ದೇನು ಎಂದು ಹೇಳಿಬಿಡುತ್ತೇನೆ.

ನಿಮ್ಮ ಶಿಕ್ಷಣ ಕಚೇರಿ ಕೊಟ್ಟ ಮಾತುಗಳು ಇವು. ಪ್ರತಿ ಮಗುವಿನ ಕೈಗೂ ಪಠ್ಯವಲ್ಲದ ಒಂದು ಪುಸ್ತಕ ಎಂದಿರಿ. ದಿನಕ್ಕೊಂದು ಗಂಟೆ ಬರೀ ಓದಿಗೆ ಎಂದಿರಿ. ಮಕ್ಕಳ ಓದನ್ನು ಅಳೆಯುವ ಮುನ್ನ ಕಲಿಸುವವರನ್ನು ಕೇಳುತ್ತೇವೆ ಎಂದಿರಿ. ಯಾವ ಮಗುವಿಗೂ ಹಣೆಪಟ್ಟಿ ಕಟ್ಟುವುದಿಲ್ಲ ಎಂದಿರಿ.

ನಮಗೆ ಸಿಕ್ಕಿದ್ದು ಇದು. ಪುಸ್ತಕಗಳು ಬಂದವು, ಹರಿದರೆ ಮುಖ್ಯೋಪಾಧ್ಯಾಯರೇ ಹೊಣೆ ಎಂಬ ಸುತ್ತೋಲೆಯೂ ಅದೇ ಪೆಟ್ಟಿಗೆಯಲ್ಲಿ ಬಂತು. ಹಾಗಾಗಿ ಅವು ಗಾಜಿನ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತಿವೆ, ಮಕ್ಕಳು ಪುಸ್ತಕದ ಬೆನ್ನುಗಳನ್ನು ಮಾತ್ರ ಓದುತ್ತಾರೆ. ಓದಿನ ಗಂಟೆಯನ್ನು ಬರುವ ತಿಂಗಳಿನಿಂದ ಕಿತ್ತುಕೊಳ್ಳುತ್ತೀರಿ. ನಮ್ಮನ್ನು ಯಾರೂ ಕೇಳಲಿಲ್ಲ. ಸ್ಟಾಪ್‌ವಾಚ್ ಹಿಡಿದ ಒಬ್ಬನನ್ನು ಕಳಿಸಿದಿರಿ. ಹಣೆಪಟ್ಟಿ ಕಟ್ಟಲಿಲ್ಲ, ಒಪ್ಪುತ್ತೇನೆ. ಕೆಂಪು ಚೀಟಿ ಕೊಟ್ಟಿರಿ.

ಇಲ್ಲಿಯವರೆಗೆ ‘ನೀವು’ ಎಂದದ್ದು ಕಚೇರಿಗೆ. ಇನ್ನು ಮುಂದೆ ‘ನೀನು’. ಓದಿನ ಗಂಟೆ ಕಿತ್ತುಕೊಳ್ಳುವ ಆದೇಶದ ಕೆಳಗಿರುವ ಸಹಿ ನಿನ್ನದು. ಕೊನೆಯ ಅಕ್ಷರಕ್ಕೆ ಬಾಲ ಎಳೆಯುವ ಆ ಚಾಳಿ ಯಾರಿಂದ ಬಂತೆಂದು ನಿನಗೂ ಗೊತ್ತು, ನನಗೂ ಗೊತ್ತು.

ಅಕ್ಕ ತಂಗಿಗೆ ಬರೆದ ಕಾಗದ ಅಂದುಕೊಳ್ಳಬೇಡ. ಅಂಥ ಕಾಗದ ಬರೆಯುವುದನ್ನು ಶಿಕ್ಷಕರ ಮುಷ್ಕರದ ವರ್ಷವೇ ನಿಲ್ಲಿಸಿದೆವು. ಕಚೇರಿಯ ಗೇಟಿನ ಮುಂದೆ ಒಂದೇ ಬ್ಯಾನರಿನ ಎರಡು ಕೋಲು ಹಿಡಿದು ನಿಂತವರು ನಾವು. ನಿನ್ನ ಕೋಲು ಪಕ್ಕದವಳ ಕೈಗೆ ಕೊಟ್ಟು ಒಳಗೆ ಹೋದೆ. ಒಳಗಿದ್ದು ಸರಿ ಮಾಡುತ್ತೇನೆ ಅಂದೆ. ನಾನು ಹೊರಗೇ ಉಳಿದೆ. ಅದನ್ನು ಮತ್ತೆ ಕೆದಕಲು ಕೂತಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ಮನೆಯ ವಿಷಯ ಇಷ್ಟೇ.

ಈಗ ಶಾಲೆಯ ವಿಷಯ. ನಿನ್ನ ಆದೇಶದಲ್ಲಿ ‘ಓದುವಾಗ ಮಧ್ಯೆ ನಿಲ್ಲಿಸುವ ಅವೈಜ್ಞಾನಿಕ ಪದ್ಧತಿ’ ಎಂದು ಬರೆದಿದ್ದೀಯಲ್ಲ, ಅದೇನೆಂದು ನೀನು ಬಂದು ನೋಡಲಿಲ್ಲ. ನೋಡಿದ್ದರೆ ಗುರುತು ಹಿಡಿಯುತ್ತಿದ್ದೆ.

ನಮ್ಮ ತರಗತಿಯಲ್ಲಿ ಓದಿನ ಗಂಟೆಗೆ ಮಕ್ಕಳು ಇಟ್ಟ ಹೆಸರು ‘ಅಂದ್ರೆ ಗಂಟೆ’. ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಉಳಿದವರು ಕೇಳುತ್ತಾರೆ. ಅರ್ಥ ಎಲ್ಲಿ ಕೈತಪ್ಪಿತೋ ಅಲ್ಲಿ ಯಾರು ಬೇಕಾದರೂ ಡೆಸ್ಕಿನ ಮೇಲೆ ಟಕ್ ಎಂದು ಬೆರಳಿನ ಗೆಣ್ಣಿನಿಂದ ಬಡಿದು ‘ಅಂದ್ರೆ?’ ಎನ್ನಬಹುದು. ಓದುತ್ತಿದ್ದವರು ನಿಲ್ಲಬೇಕು. ಆ ಸಾಲನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಬರದಿದ್ದರೆ ಎಲ್ಲರೂ ಸೇರಿ ಹುಡುಕಬೇಕು. ನನಗೂ ಬಾರದಿದ್ದರೆ ಬರದು ಎಂದು ನಾನು ಒಪ್ಪಿಕೊಳ್ಳಬೇಕು. ಅಷ್ಟೇ ನಿಯಮ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ನಮ್ಮಿಬ್ಬರಿಂದ ಪತ್ರಿಕೆ ಓದಿಸುತ್ತಿದ್ದಳಲ್ಲ, ಅಂಗೈಯಿಂದ ಗಾಲಿ ಒತ್ತಿ ಹಿಡಿದು ಯಂತ್ರ ನಿಲ್ಲಿಸಿದಳೆಂದರೆ ಮುಂದಿನ ಮಾತು ಏನೆಂದು ಗೊತ್ತಿರುತ್ತಿತ್ತಲ್ಲ, ಅದೇ ಇದು. ನಾನು ಕಂಡುಹಿಡಿದದ್ದೇನೂ ಇಲ್ಲ. ಗಾಲಿಯ ಬದಲು ಡೆಸ್ಕು.

ನೀನು ಆಗಲೇ ರೈಲಿನಂತೆ ಓದುತ್ತಿದ್ದೆ. ನಿಲ್ದಾಣ ಬಂದ್ರೂ ನಿಲ್ಲಲ್ವಲ್ಲೇ ಇವಳು, ಹತ್ತೋರು ಹತ್ತೋದು ಹೇಗೆ, ಎಂದು ಅಮ್ಮ ನಗುತ್ತಿದ್ದಳು. ಚೂಟಿ ಎಂಬ ಹೆಸರು ಬಂದದ್ದೇ ಹಾಗೆ. ಮರೆತಿದ್ದರೆ ಇರಲಿ ಅಂತ ಬರೆದೆ.

ಇದರಿಂದ ಮಕ್ಕಳಿಗೆ ಏನು ಬಂತು ಎಂದು ನಿನ್ನ ಕಚೇರಿ ಕೇಳುತ್ತದೆ. ಹೇಳುತ್ತೇನೆ. ನಮ್ಮ ಲಿಪಿ ಒಂದು ರೀತಿಯಲ್ಲಿ ಮೋಸಗಾತಿ ಕಣೇ. ಕಾಗುಣಿತ ಬಂದರೆ ಸಾಕು, ಮಗು ಏನನ್ನು ಬೇಕಾದರೂ ಓದಿಬಿಡುತ್ತದೆ. ನ್ಯಾಯಾಲಯದ ತೀರ್ಪು ಕೊಡು, ಔಷಧಿಯ ಡಬ್ಬಿ ಕೊಡು, ಒತ್ತಕ್ಷರವನ್ನೂ ಬಿಡದೆ ಒಪ್ಪಿಸುತ್ತದೆ. ಕೇಳಿದ ತಾಯಿ ತಂದೆ ನನ್ನ ಮಗು ಓದಲು ಕಲಿಯಿತು ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಕಲಿತದ್ದು ಬಾಯಿ. ಒಳಗೆ ದೀಪ ಹತ್ತಿದೆಯೋ ಇಲ್ಲವೋ ಎಂದು ಯಾರೂ ಇಣುಕುವುದಿಲ್ಲ.

ನಾನು ಇಣುಕಿದೆ. ಕತ್ತಲಿತ್ತು. ಆಗ ಶುರುವಾದದ್ದು ಈ ಗಂಟೆ. ಒಂದು ಸಾಲು ಓದಿ, ಮುಂದಿನದನ್ನು ರಟ್ಟಿನಿಂದ ಮುಚ್ಚಿ, ಈಗ ಏನಾಗಬಹುದು ಎಂದು ಕೇಳುತ್ತೇವೆ. ‘ಅವನು’ ಬಂದಾಗಲೆಲ್ಲ ಯಾವ ಅವನು ಎಂದು ಹಿಂದಕ್ಕೆ ಹೋಗಿ ಬೆರಳಿಟ್ಟು ತೋರಿಸುತ್ತೇವೆ. ಇನ್ನೊಂದು ಆಟ ಮಕ್ಕಳೇ ಕಟ್ಟಿದ್ದು, ‘ಲಾಗುವುದು’ ಬೇಟೆ. ‘ಮುಚ್ಚಲಾಗುವುದು’, ‘ತೆಗೆದುಕೊಳ್ಳಲಾಗುವುದು’, ‘ಕ್ರಮ ಜರುಗಿಸಲಾಗುವುದು’ ಅಂತೆಲ್ಲ ಸೂಚನಾ ಫಲಕದಲ್ಲಿ ಇರುತ್ತದಲ್ಲ. ಆ ಸಾಲಿನಲ್ಲಿ ಮಾಡುವವರು ಯಾರು ಎಂದು ಬರೆದಿರುವುದೇ ಇಲ್ಲ. ಅದನ್ನು ಹಿಡಿದು ಹಾಕಬೇಕು. ‘ನಲ್ಲಿ ನೀರು ನಿಲ್ಲಿಸಲಾಗುವುದು.’ ಯಾರು ನಿಲ್ಲಿಸುವವರು? ನೀರಿನ ಕಚೇರಿಯವರು. ‘ಹೂ ಕಿತ್ತರೆ ದಂಡ ವಿಧಿಸಲಾಗುವುದು.’ ಯಾರು? ತೋಟದ ತಾತ, ಆದರೆ ಅವರು ಯಾವತ್ತೂ ವಿಧಿಸಲ್ಲ ಟೀಚರ್, ಬೈತಾರೆ ಅಷ್ಟೇ. ಹೀಗೆ.

ಈ ಆಟದ ರಾಣಿ ಒಬ್ಬಳಿದ್ದಾಳೆ. ಡೆಸ್ಕು ಬಡಿಯುವುದರಲ್ಲಿ ಅವಳೇ ಮೊದಲು, ಹಾಗಾಗಿ ತರಗತಿ ಅವಳಿಗೆ ‘ಟಕ್‌ಟಕ್’ ಎಂದು ಹೆಸರಿಟ್ಟಿದೆ. ಅಪ್ಪ ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಸ್ತ್ರಿ ವಿಭಾಗದವನು. ಬೇಗ ಓದುವವಳಲ್ಲ. ಸಾಲಿನ ಮೇಲೆ ಬೆರಳಿಟ್ಟು, ತೇವದ ನೆಲದ ಮೇಲೆ ಹೆಜ್ಜೆ ಇಡುವಂತೆ ಓದುತ್ತಾಳೆ. ಆದರೆ ಓದಿ ಮುಗಿಸಿದಳೆಂದರೆ ಅದು ಅವಳದೇ.

ನೀನು ಕಳಿಸಿದ ಸ್ಟಾಪ್‌ವಾಚಿನವನ ಮುಂದೆ ಅವಳು ಕೂತಾಗ ನಾನು ಬಾಗಿಲಲ್ಲಿದ್ದೆ. ಒಂದು ನಿಮಿಷದಲ್ಲಿ ಎಷ್ಟು ಪದ ಎಂಬುದೇ ಪರೀಕ್ಷೆ. ನಿನ್ನ ಪಾಠದಲ್ಲಿ ಇಬ್ಬರು ಹುಡುಗರು ಸೇತುವೆ ದಾಟುತ್ತಾರೆ, ಒಬ್ಬನ ಟೋಪಿ ನೀರಿಗೆ ಬೀಳುತ್ತದೆ, ಆಮೇಲೆ ‘ಅವನು ಅವನನ್ನು ನೋಡಿ ನಕ್ಕನು’ ಎಂದಿದೆ. ಟಕ್‌ಟಕ್ ಅಲ್ಲಿ ನಿಂತಳು. ಡೆಸ್ಕು ಬಡಿದಳು. ಯಾರು ಯಾರನ್ನು ನೋಡಿ ನಕ್ಕಿದ್ದು ಎಂದು ಅವನನ್ನೇ ಕೇಳಿದಳು. ಮುಂದೆ ಓದಮ್ಮ, ಟೈಮ್ ಓಡ್ತಿದೆ ಎಂದ ಅವನು.

“ಓಡಲಿ ಬಿಡಿ ಅಣ್ಣ,” ಎಂದಳು. “ಟೋಪಿ ಕಳ್ಕೊಂಡೋನು ನಕ್ಕಿದ್ದಾ, ಇನ್ನೊಬ್ಬನಾ? ಅದು ಗೊತ್ತಾಗದೆ ಮುಂದೆ ಹೋದ್ರೆ ಕಥೆನೇ ಬೇರೆ ಆಗುತ್ತೆ.”

ಅವನು ಗುಂಡಿ ಒತ್ತಿದ. ಕೆಂಪು ಚೀಟಿ ಹರಿದು ಕೊಟ್ಟ. ಆಮೇಲೆ ಪಾಠ ತಿರುಗಿಸಿಕೊಂಡು ತಾನೇ ಓದಿದ. ಎಷ್ಟೋ ಶಾಲೆಗಳಲ್ಲಿ ಎಷ್ಟೋ ಮಕ್ಕಳ ಬಾಯಲ್ಲಿ ಕೇಳಿದ್ದೀನಿ ಮೇಡಂ, ನನಗೇ ಇದು ಹೊಳೆದಿರಲಿಲ್ಲ, ಎಂದು ಮೆಲ್ಲಗೆ ಹೇಳಿದ. ಕೆಟ್ಟವನಲ್ಲ. ಗುತ್ತಿಗೆಯವನು. ಚೀಟಿ ಬದಲಿಸುವ ಅಧಿಕಾರ ಅವನಿಗಿಲ್ಲ. ಆ ಅಧಿಕಾರ ಯಾರಿಗಿದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ತರಗತಿ ಕಡೆಯ ಸ್ಥಾನಕ್ಕೆ ಬಂತು. ಮಕ್ಕಳು ಮಧ್ಯೆ ನಿಂತರು, ಕೇಳಿದರು, ಹಿಂದಿನ ಸಾಲಿಗೆ ಹೋಗಿ ಬಂದರು; ಗಡಿಯಾರ ಇದಕ್ಕೆಲ್ಲ ಕಾಯುವುದಿಲ್ಲ. ಹಿಂದೆಯೇ ನಿನ್ನ ಆದೇಶ ಬಂತು. ಓದಿನ ಅವಧಿಯನ್ನು ರದ್ದುಪಡಿಸಲಾಗುವುದು. ಮಧ್ಯೆ ನಿಲ್ಲಿಸುವ ಪದ್ಧತಿಯನ್ನು ಕೈಬಿಡಲಾಗುವುದು. ಕೆಂಪು ಚೀಟಿ ಪಡೆದ ಮಕ್ಕಳನ್ನು ಪ್ರತ್ಯೇಕ ಕೊಠಡಿಗೆ ವರ್ಗಾಯಿಸಿ ವೇಗದ ತರಬೇತಿ ನೀಡಲಾಗುವುದು. ಆ ಪ್ರತ್ಯೇಕ ಕೊಠಡಿ ಯಾವುದು ಗೊತ್ತೇ? ಮುರಿದ ಬೆಂಚು ಪೇರಿಸಿಟ್ಟಿರುವ ಉಗ್ರಾಣ. ಕಿಟಕಿ ಇಲ್ಲ.

ಆದೇಶವನ್ನು ತರಗತಿಯಲ್ಲೇ ಓದಿದೆ. ಮುಚ್ಚಿಡುವ ಪದ್ಧತಿ ನಮ್ಮಲ್ಲಿಲ್ಲ. ಮೊದಲ ಸಾಲಿಗೇ ಇಡೀ ಕೋಣೆ ಬಡಿಯಿತು. “ರದ್ದು ಮಾಡೋರು ಯಾರು ಟೀಚರ್?” ಎಂದಳು ಟಕ್‌ಟಕ್.

ಕಚೇರಿಯವರು ಎಂದೆ. ಕಚೇರಿ ಅಂದ್ರೆ ಕಟ್ಟಡ ಅಲ್ವಾ ಟೀಚರ್, ಕಟ್ಟಡ ಬರೆಯಲ್ಲ, ಒಳಗಿರೋರು ಬರೀತಾರೆ, ಅವರು ಯಾರು, ಎಂದಳು. ನಾನು ಗಡಿಯಾರದ ಕಡೆ ನೋಡಿದೆ. ಹೊತ್ತಾಯಿತು ಎಂದೆ. ಹೊತ್ತಾಗಿರಲಿಲ್ಲ.

ಆ ಸಿಟ್ಟಿನಲ್ಲೇ ಕೂತು ಒಂದು ಪಾಠ ಬರೆದೆ. ನಿನಗೆ ಗೊತ್ತಿರಬೇಕು, ಆದರೂ ಇಲ್ಲಿ ನಕಲು ಮಾಡುತ್ತೇನೆ:

‘ಒಂದು ತಿಂಬಳದಲ್ಲಿ ಒಂದು ಗೊಂಕ ಇತ್ತು. ಆ ಗೊಂಕವು ದಿನವೂ ಬುರುಟೆಯನ್ನು ಲಿಬ್ಬುತ್ತಿತ್ತು. ಒಮ್ಮೆ ಬುರುಟೆಯು ಡೊಸಕವಾಯಿತು. ಆದ್ದರಿಂದ ಗೊಂಕವು ಬಹಳ ಪಿಳುಕಿತು. ಅಂದಿನಿಂದ ಅದು ಯಾರ ಬುರುಟೆಯನ್ನೂ ಲಿಬ್ಬಲಿಲ್ಲ.’

ಕೆಳಗೆ ಪ್ರಶ್ನೆಗಳು. ಗೊಂಕವು ಎಲ್ಲಿತ್ತು? ಗೊಂಕವು ದಿನವೂ ಏನನ್ನು ಲಿಬ್ಬುತ್ತಿತ್ತು? ಗೊಂಕವು ಏಕೆ ಪಿಳುಕಿತು?

ಅರ್ಥ ಹುಡುಕಬೇಡ, ಇಲ್ಲ. ಇದನ್ನು ಹಿಡಿದುಕೊಂಡು, ನಿನ್ನ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದ ಶಾಲೆಗೆ ಹೋದೆ. ಅಲ್ಲಿನ ಮೇಷ್ಟ್ರು ಸಂಘದ ಹಳೆಯ ಜೊತೆಗಾರ. ನನ್ನ ಮಕ್ಕಳು ಹಸಿರು ಚೀಟಿಯವರು ಕಣಕ್ಕ, ಸುಲಭವಾಗಿ ಬೀಳಲ್ಲ, ಎಂದು ಮೀಸೆ ತಿರುವಿದ. ಬೀಳಲಿಲ್ಲ, ನಿಜ. ತಿಂಬಳದಲ್ಲಿ ಇತ್ತು. ಬುರುಟೆಯನ್ನು ಲಿಬ್ಬುತ್ತಿತ್ತು. ಬುರುಟೆಯು ಡೊಸಕವಾದ್ದರಿಂದ ಪಿಳುಕಿತು. ಒಂದು ಕಾಗುಣಿತವೂ ತಪ್ಪಿಲ್ಲ. ಇಡೀ ತರಗತಿಗೆ ಪೂರ್ತಿ ಅಂಕ. ಮೇಷ್ಟ್ರ ಮೀಸೆ ತಾನಾಗಿ ಇಳಿಯಿತು.

ಆ ಮಕ್ಕಳು ದಡ್ಡರಲ್ಲ. ಬಲು ಜಾಣರು. ಪ್ರಶ್ನೆಯಲ್ಲಿರುವ ಪದ ಪಾಠದಲ್ಲಿ ಎಲ್ಲಿದೆ ಎಂದು ಹುಡುಕಿ, ‘ಎಲ್ಲಿ’ ಎಂದರೆ ‘ಅಲ್ಲಿ’ ಬಾಲದ ಪದ, ‘ಏನನ್ನು’ ಎಂದರೆ ‘ಅನ್ನು’ ಬಾಲದ ಪದ ಕಿತ್ತು ಇಟ್ಟರೆ ಅಂಕ ಬೀಳುತ್ತದೆ ಎಂದು ಕಂಡುಕೊಂಡಿದ್ದಾರೆ. ನಾವು ಕೊಟ್ಟ ಆಟವನ್ನು ನಮಗಿಂತ ಚೆನ್ನಾಗಿ ಆಡುತ್ತಾರೆ. ನಾನು ಹೊರಟಾಗ ಒಬ್ಬ ಪುಟ್ಟಿ ಗೇಟಿನವರೆಗೂ ಹಿಂದೆ ಬಂದು ಸೆರಗು ಜಗ್ಗಿದಳು. ಗೊಂಕ ಅಂದ್ರೆ ಏನು ಮಿಸ್ ಎಂದಳು. ಆಗಲೇ ಕೇಳಬಹುದಿತ್ತಲ್ಲ ಪುಟ್ಟಿ ಎಂದೆ.

“ಕೇಳಿದ್ರೆ ಟೈಮ್ ಹೋಗುತ್ತೆ ಮಿಸ್. ಹಸಿರು ಸಿಗಲ್ಲ.”

ಚೂಟಿ, ಈ ಸಾಲನ್ನು ಇನ್ನೊಮ್ಮೆ ಓದು. ಮಗು ಕೇಳಬಾರದು ಎಂಬುದನ್ನು ನೀನು ಕಲಿಸಿದೆ, ಮಗು ಕಲಿತಿದೆ. ನಿನ್ನ ಇಡೀ ಯೋಜನೆಯಲ್ಲಿ ನೂರಕ್ಕೆ ನೂರು ಗೆದ್ದಿರುವುದು ಇದೊಂದೇ ಪಾಠ.

ನಮ್ಮ ತರಗತಿಗೂ ಅದನ್ನೇ ಕೊಟ್ಟೆ. ಮೊದಲ ಸಾಲಿಗೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಡೆಸ್ಕುಗಳು ಸದ್ದು ಮಾಡಿದವು. ಒಬ್ಬರೂ ಉತ್ತರ ಬರೆಯಲಿಲ್ಲ. ಟಕ್‌ಟಕ್ ಎದ್ದು ಬಂದು ನನ್ನ ಮುಖ ಚೆನ್ನಾಗಿ ನೋಡಿ, ಟೀಚರ್, ನಿಮಗೆ ಹುಷಾರಿಲ್ವಾ, ಎಂದು ಕೇಳಿದಳು. ನಿನ್ನ ಲೆಕ್ಕದಲ್ಲಿ ಇಡೀ ತರಗತಿಗೆ ಸೊನ್ನೆ.

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಪ್ರಶ್ನೆ ಭಂಡಾರಕ್ಕೆ ಶಿಕ್ಷಕರು ಮಾದರಿ ಪಾಠ ಕಳಿಸಬಹುದು ಎಂದು ನಿನ್ನ ಕಚೇರಿ ಕೇಳಿತ್ತು. ಕಳಿಸಿದೆ. ಮುಖ್ಯೋಪಾಧ್ಯಾಯರು ಓದದೆ ಮುದ್ರೆ ಒತ್ತಿದರು, ಪಾಪ, ಅವರಿಗೆ ಬೀರುವಿನ ಬೀಗದ ಕೈ ಎಲ್ಲಿಟ್ಟೆ ಎಂಬುದೇ ಚಿಂತೆ. ವಾರ ಕಳೆಯುವುದರೊಳಗೆ ಅದು ಹಿಂತಿರುಗಿ ಬಂತು. ‘ಭಾಷೆ ಸರಳವಾಗಿದೆ. ಮಕ್ಕಳ ವಯೋಮಾನಕ್ಕೆ ತಕ್ಕುದಾಗಿದೆ. ಮೌಲ್ಯಯುತ ಸಂದೇಶವಿದೆ. ಅಂಗೀಕರಿಸಲಾಗಿದೆ.’ ಕೆಳಗೆ ಬಾಲ ಎಳೆದ ಸಹಿ.

ನಕ್ಕೆ. ಮೊದಲು ಬಹಳ ನಕ್ಕೆ. ಯಾರ ಬುರುಟೆಯನ್ನೂ ಲಿಬ್ಬಬಾರದು ಎಂಬ ಮೌಲ್ಯಯುತ ಸಂದೇಶ. ಆಮೇಲೆ ನಗು ನಿಂತಿತು. ನೀನು ಓದಿಲ್ಲವೆಂದಲ್ಲ, ಓದಿರುತ್ತೀಯ. ರೈಲಿನಂತೆ ಓದಿರುತ್ತೀಯ. ಮೇಜಿನ ಮೇಲಿನ ರಾಶಿ, ಮೇಲಿನವನ ಫೋನು, ಸಂಜೆಯೊಳಗೆ ಮುಗಿಯಬೇಕಾದ ಕಡತ. ಕಣ್ಣು ಓಡಿದೆ, ಕೈ ಸಹಿ ಮಾಡಿದೆ. ಹಸಿರು ಚೀಟಿಯ ಆ ಪುಟ್ಟಿಗೂ ನಿನಗೂ ನಡುವೆ ಇರುವುದು ಒಂದು ಕುರ್ಚಿ ಮಾತ್ರ.

ನಿನ್ನ ವಾದ ನನಗೆ ಗೊತ್ತು. ಮುಖ್ಯೋಪಾಧ್ಯಾಯರಿಗೆ ಫೋನಿನಲ್ಲಿ ಹೇಳಿದೆಯಂತೆ, ಅಕ್ಷರ ಅಕ್ಷರಕ್ಕೆ ಎಡವುವ ಮಗುವಿಗೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ, ವೇಗ ಬರದೆ ಅರ್ಥ ಬರುವುದಿಲ್ಲ ಎಂದು. ಸರಿಯಾದ ಮಾತು. ಅಕ್ಷರ ಹರಿಯಬೇಕು, ನಾನೂ ಅದಕ್ಕೆ ಬೆಳಗಿನ ಅರ್ಧ ಗಂಟೆ ಬೆವರು ಹರಿಸುತ್ತೇನೆ. ಆದರೆ ವೇಗ ಕಾಲುದಾರಿ ಕಣೇ, ಊರಲ್ಲ. ದಾರಿಯನ್ನೇ ಅಳೆದು ಅಳೆದು ಮಕ್ಕಳನ್ನು ಅಲ್ಲಲ್ಲೇ ಓಡಿಸುತ್ತಿದ್ದೀಯ. ಅಳೆಯಲಾಗದ್ದನ್ನು ಉಳಿಸಿಕೊಳ್ಳೋಕೆ ಆಗಲ್ಲ ಎಂದೂ ಹೇಳಿದೆಯಂತೆ. ಅಳೆಯಲು ಬರುತ್ತದೆ. ಓದಿಸಿ, ‘ಅಂದ್ರೆ?’ ಅನ್ನು. ಉತ್ತರ ಕೇಳುವಷ್ಟು ಹೊತ್ತು ಕೂರು. ಕೂರುವುದಕ್ಕೆ ಗಡಿಯಾರಕ್ಕಿಂತ ಹೆಚ್ಚು ಮನುಷ್ಯರು ಬೇಕು, ಅಷ್ಟು ಜನರನ್ನು ಕೊಡಲು ನಿನ್ನ ಮೇಲಿನವರಿಗೆ ಮನಸ್ಸಿಲ್ಲ. ಅಷ್ಟು ನೇರವಾಗಿ ಬರೆದುಬಿಡು, ನಿನ್ನ ಪರವಾಗಿ ನಾನೇ ಕೂಗುತ್ತೇನೆ.

ಇನ್ನು ನೀನು ಎಡವಿದ್ದು ಎಲ್ಲಿ ಎಂದು ಹೇಳುತ್ತೇನೆ. ಆದೇಶದ ಕೊನೆಯ ಸಾಲು: ‘ಪಾಲಕರ ಸಭೆಯ ದಿನದೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದಲ್ಲಿ ಸಮ್ಮತಿ ಇದೆಯೆಂದು ಭಾವಿಸಲಾಗುವುದು.’ ಯಾರೂ ಬರೆಯುವುದಿಲ್ಲ ಎಂಬ ಧೈರ್ಯದಿಂದ ಹಾಕುವ ಸಾಲು ಅದು. ಎಲ್ಲ ಕಡೆ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಈ ಸಾಲು ಇಲ್ಲಿಗೆ ಒಮ್ಮೆ ಬಂದು ಹೋಗಿದೆ.

ವರ್ಷದ ಆರಂಭದಲ್ಲಿ ಟಕ್‌ಟಕ್‌ನ ಅಪ್ಪನ ಕಾರ್ಖಾನೆಯಲ್ಲಿ ಒಂದು ನೋಟೀಸು ಹಂಚಿದರು. ರಜೆಯ ದಿನದ ಪಾಳಿಯ ವಿಷಯ. ಅವನು ಮನೆಗೆ ತಂದು ಹೆಂಡತಿಗೆ ಓದಿ ಹೇಳಿದ. ಚೆನ್ನಾಗಿಯೇ ಓದುತ್ತಾನೆ, ಗಂಟಲೂ ಚೆನ್ನಾಗಿದೆ. ಓದಿ ಮುಗಿಸಿ ಮಡಚಿ ಜೇಬಿಗೆ ಹಾಕಿಕೊಳ್ಳುವಾಗ ಮಗಳು ಊಟದ ಡಬ್ಬಿಯ ಮುಚ್ಚಳ ಬಡಿದಳು. ಅಂದ್ರೆ ಎಂದಳು. ಓದಿದ್ನಲ್ಲಮ್ಮ ಎಂದ. ಓದಿದ್ರಿ ಅಪ್ಪ, ಅಂದ್ರೆ, ಎಂದಳು. ಅವನಿಗೆ ಸಿಟ್ಟು ಬಂತಂತೆ. ಮತ್ತೆ ಓದಿದನಂತೆ, ಇನ್ನೂ ಗಟ್ಟಿಯಾಗಿ. ಆಮೇಲೆ ಮೂವರೂ ಕೂತು ಒಂದೊಂದೇ ಸಾಲು ಬಿಡಿಸಿದರು. ನಿಗದಿತ ದಿನದೊಳಗೆ ಬೇಡವೆಂದು ಬರೆದು ಕೊಡದವರು ರಜೆಯ ದಿನವೂ ದುಡಿಯಲು ಒಪ್ಪಿದ್ದಾರೆಂದು ‘ಭಾವಿಸಲಾಗುವುದು’.

“ಸುಮ್ಮನಿದ್ರೆ ಹೂಂ ಅಂದ ಹಾಗೆ ಅಪ್ಪ,” ಎಂದಳಂತೆ. “ನೀವು ಬಾಯಿ ಮುಚ್ಚಿದ್ರೆ ಅದನ್ನೇ ಅವರು ಹೂಂ ಅಂತ ಓದ್ಕೋತಾರೆ.”

ಮರುದಿನ ಇಸ್ತ್ರಿ ವಿಭಾಗದವರೆಲ್ಲ ಬರೆದು ಕೊಟ್ಟರು. ಒಗೆಯುವವರು, ಮಡಚುವವರು ಕೂಡಿಕೊಂಡರು. ರಜೆಯ ದಿನ ಉಳಿಯಿತು. ನಾನು ಅಲ್ಲಿ ಭಾಷಣ ಮಾಡಲಿಲ್ಲ, ಕರಪತ್ರ ಹಂಚಲಿಲ್ಲ. ವರ್ಷಗಟ್ಟಲೆ ಗೇಟುಗಳ ಮುಂದೆ ನಿಂತು ಕೂಗಿದವಳು ನಾನು. ಒಂದು ಮಗು ಡಬ್ಬಿಯ ಮುಚ್ಚಳ ಬಡಿದು ಮಾಡಿದ ಕೆಲಸವನ್ನು ನನ್ನ ಗಂಟಲು ಎಂದೂ ಮಾಡಿರಲಿಲ್ಲ ಎಂದು ಬರೆಯಲು ನನಗೆ ನಾಚಿಕೆಯಿಲ್ಲ.

ಹಾಗಾಗಿ ನಿನ್ನ ಆದೇಶದ ಪ್ರತಿ ಮನೆಮನೆಗೆ ಹೋದ ಮರುದಿನ ಅವನು ಆವಿಯಲ್ಲಿ ಬೆಂದ ಕೈಯಲ್ಲೇ ಶಾಲೆಗೆ ಬಂದ. ಕಡೆಯ ಸಾಲಿನ ಮೇಲೆ ಬೆರಳಿಟ್ಟ. ಈ ಸಾಲು ನಮಗೆ ಪರಿಚಯ ಟೀಚರ್, ನಮ್ಮ ಕಡೆಯೋನೇ, ಎಂದು ನಕ್ಕ. ಈಗ ಆಕ್ಷೇಪಣೆಗಳು ಬರುತ್ತಿವೆ. ಯಾವುದನ್ನೂ ನಾನು ಬರೆಸಿಲ್ಲ. ಓದು ಬಾರದ ತಾಯಂದಿರು ಹೇಳುತ್ತಾರೆ, ಮಕ್ಕಳು ಬರೆಯುತ್ತಾರೆ, ಬರೆದದ್ದನ್ನು ಓದಿ ಹೇಳು ಅನ್ನುತ್ತಾರೆ, ಕೇಳಿ, ಹಾಗಲ್ಲ ನಾನು ಹೇಳಿದ್ದು ಎಂದು ಜಗಳ ಆಡುತ್ತಾರೆ. ಒಬ್ಬ ತಾಯಿ ಬರೆಸಿದ್ದು ಇಷ್ಟೇ: ನನ್ನ ಮಗ ಮೊದಲು ಓದುತ್ತಿದ್ದ, ಈಗ ಓದಿದ್ದನ್ನು ನನಗೆ ಹೇಳುತ್ತಾನೆ, ಅದನ್ನು ನಿಲ್ಲಿಸಬೇಡಿ.

ಸಭೆಗೆ ಕಚೇರಿಯಿಂದ ಅಧಿಕಾರಿ ಬರಬೇಕೆಂದು ನಿಯಮ. ನೀನು ಕೆಳಗಿನವರನ್ನು ಕಳಿಸಲು ನೋಡುತ್ತೀಯ ಎಂದು ನನಗೆ ಗೊತ್ತು. ಬೇಡ. ನಾನು ಬೆನ್ನ ಹಿಂದೆ ಇರಿಯುವವಳಲ್ಲ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ: ಗೊಂಕದ ಪಾಠವನ್ನು ಆ ದಿನ ಎಲ್ಲರ ಮುಂದೆ ಓದುತ್ತೇನೆ. ಹಸಿರು ಚೀಟಿಯ ಮಕ್ಕಳ ಉತ್ತರ ಓದುತ್ತೇನೆ, ಅವರ ಮೇಷ್ಟ್ರೂ ಬರುತ್ತಾರೆ. ಕಚೇರಿ ಅದನ್ನು ಅಂಗೀಕರಿಸಿದ ಒಕ್ಕಣೆಯನ್ನೂ ಓದುತ್ತೇನೆ. ‘ಅಂಗೀಕರಿಸಲಾಗಿದೆ’ ಎಂದ ಕೂಡಲೇ ಮಕ್ಕಳು ಬಡಿಯುತ್ತಾರೆ. ಯಾರು ಎಂದು ಕೇಳುತ್ತಾರೆ. ನಾನು ಹೆಸರು ಹೇಳುವುದಿಲ್ಲ. ಆ ಉತ್ತರದ ಜಾಗ ನಿನಗಾಗಿ ಖಾಲಿ ಬಿಟ್ಟಿದ್ದೇನೆ. ಎದ್ದು ನಿಂತು ‘ನಾನು’ ಎಂದರೆ ಅಲ್ಲಿಂದ ಮಾತು ಶುರುವಾಗುತ್ತದೆ. ಸುಮ್ಮನೆ ಕೂತರೆ ಅದನ್ನು ಹೇಗೆ ಓದಿಕೊಳ್ಳಬೇಕೆಂದು ಈ ಮಕ್ಕಳಿಗೆ ಈಗ ಗೊತ್ತು.

ನಮ್ಮ ಬೇಡಿಕೆ ಚಿಕ್ಕದು. ಗಂಟೆ ಉಳಿಯಬೇಕು. ಬೀರುವಿನ ಬೀಗ ತೆಗೆಯಬೇಕು. ಉಗ್ರಾಣಕ್ಕೆ ಒಂದು ಮಗುವೂ ಹೋಗಕೂಡದು. ನನ್ನನ್ನು ವರ್ಗ ಮಾಡುತ್ತೀಯಾ, ಮಾಡು. ಡೆಸ್ಕು ಎಲ್ಲ ಶಾಲೆಯಲ್ಲೂ ಇರುತ್ತದೆ.

ನಿನ್ನಿಂದ ಬೇರೇನೂ ನನಗೆ ಬೇಡ.

ಸಭೆ ನಮ್ಮ ತರಗತಿಯ ಕೋಣೆಯಲ್ಲೇ, ಗುರುವಾರ ಸಂಜೆ ಐದು ಗಂಟೆಗೆ. ಕಾರ್ಖಾನೆಯ ಪಾಳಿ ಬಿಡುವ ಹೊತ್ತು ನೋಡಿ ಇಟ್ಟದ್ದು, ನಿನ್ನ ಅನುಕೂಲ ನೋಡಿ ಅಲ್ಲ.

ಇಂತಿ,
ಕೋಲು ಇನ್ನೂ ಹಿಡಿದೇ ಇರುವ
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ಈ ಕಾಗದವನ್ನು ಮನೆಗೆ ತಂದೆ. ಚೂಟಿಗೆ ಬರೆದಿದ್ದೇನೆ ಎಂದೆ. ಹಾಗಾದ್ರೆ ನಾನು ಕೇಳಬೇಕು ಎಂದಳು ಅಮ್ಮ. ನಾನೇ ಓದುತ್ತೇನೆ ಎಂದರೆ ಒಪ್ಪಲಿಲ್ಲ. ನೀನು ಬರೆದದ್ದು ನೀನೇ ಓದಿದ್ರೆ ಬೇಕಾದ ಕಡೆ ನುಂಗ್ತೀಯ, ಮಗು ಓದಲಿ, ಎಂದಳು. ಮಗು ಎಂದರೆ ಟಕ್‌ಟಕ್. ಶಾಲೆ ಬಿಟ್ಟ ಮೇಲೆ ದಿನಾ ಬಂದು ಅಮ್ಮನಿಗೆ ಪತ್ರಿಕೆ ಓದುತ್ತಾಳೆ. ಹಟ ಹಿಡಿದರೆ ಅಮ್ಮ ಹೇಗೆಂದು ನಿನಗೆ ಗೊತ್ತಲ್ಲ. ಕೊಟ್ಟೆ.

‘ಅಮ್ಮ ಚೆನ್ನಾಗಿದ್ದಾಳೆ’ ಎಂಬಲ್ಲಿ ಹುಡುಗಿ ನಿಂತಳು. ಬಡಿದಳು. “ಅಂದ್ರೆ? ಅಜ್ಜಿಗೆ ಕಣ್ಣು ಕಾಣಲ್ವಲ್ಲ ಟೀಚರ್,” ಎಂದಳು. ಹೌದು ಚೂಟಿ. ಎರಡೂ ಕಣ್ಣು. ನಿಧಾನವಾಗಿ ಹೋದವು. ಯಂತ್ರಕ್ಕೆ ಹೊದಿಕೆ ಹಾಕಿದ್ದೇವೆ. ನಿನಗೆ ಹೇಳಲಿಲ್ಲ. ನಿನ್ನ ಮೇಲಿನ ಸಿಟ್ಟು ಅಮ್ಮನ ಕಣ್ಣಿನ ಸುದ್ದಿಗಿಂತ ದೊಡ್ಡದು ಅಂದುಕೊಂಡಿದ್ದೆ.

ಅದಕ್ಕೂ ಮೊದಲು, ಸಹಿಯ ಮಾತು ಬಂದಾಗ, ಹುಡುಗಿ ನನ್ನ ಕಡೆ ತಿರುಗಿ, ಹಾಗಾದ್ರೆ ಆ ‘ಲಾಗುವುದು’ ನಿಮ್ಮ ತಂಗಿನಾ, ಎಂದು ಕೇಳಿದಳು. ಹೌದು ಎಂದೆ. ಮುಂದೆ ಓದಿದಳು.

ಕೊನೆಗೆ ‘ನಿನ್ನಿಂದ ಬೇರೇನೂ ನನಗೆ ಬೇಡ’ ಎಂಬಲ್ಲಿ ಅಮ್ಮ ಅಂಗೈ ಎತ್ತಿ ಗಾಳಿಯಲ್ಲಿ ಗಾಲಿ ಒತ್ತಿದಳು. “ಅಂದ್ರೆ?” ಎಂದಳು. ಟಕ್‌ಟಕ್ ಬೆರಳನ್ನು ಆ ಸಾಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದಳು. ಅವಸರ ಮಾಡಲಿಲ್ಲ.

“ಬರಲಿ ಅಂತ ಅಜ್ಜಿ,” ಎಂದಳು.

ತಪ್ಪು ಎಂದು ಹೇಳಲು ಬಾಯಿ ತೆರೆದೆ. ಆಗಲಿಲ್ಲ. ಅಮ್ಮ ಸಭೆಗೆ ಬರುತ್ತಾಳಂತೆ. ಆದೇಶವನ್ನು ಚೂಟಿಯ ಬಾಯಿಂದಲೇ ಓದಿಸು, ಬೇಕಾದ ಕಡೆ ನಾನು ಬಡಿಯುತ್ತೇನೆ, ಎಂದಿದ್ದಾಳೆ. ಮುಂದಿನ ಬೆಂಚಿನಲ್ಲಿ, ಕೈಗೆ ಡೆಸ್ಕು ಸಿಗುವ ಕಡೆ ಕೂರಿಸುತ್ತೇನೆ. ನಿಧಾನವಾಗಿ ಓದು. ಗುರುವಾರ, ಸಂಜೆ ಐದು ಗಂಟೆ.